ನಮ್ಮ ಲೆಕ್ಕ ನಾವೇ ಬರೆಯಬೇಕು

(ಕೊಪ್ಪಳದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳ ಅಧ್ಯಯನ ಶಿಬಿರದಲ್ಲಿ, ಪರದೇಶಕ್ಕೆ ಹೋಗಿ ಅರ್ಥಶಾಸ್ತ್ರ ಓದುವ ಬಗ್ಗೆ ಆಡಿದ ಮಾತಿನ ಬರಹರೂಪ)

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಕೂ ಕಡೆಯ ಹಾಸ್ಟೆಲುಗಳಿಂದ ಬಂದೀರಿ. ನಿಮ್ಮಲ್ಲಿ ಬಹಳ ಜನ ಅರ್ಥಶಾಸ್ತ್ರ ತಗೊಂಡವರು. ಯಾಕ ತಗೊಂಡ್ರಿ ಅಂತ ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ‘ಆರ್ಟ್ಸಿನಾಗ ಅದು ಇರ್ತದ ಸರ್, ಅದಕ್ಕ ತಗೊಂಡೆ.’ ಬಸ್ಸಿನಾಗ ಸೀಟು ಖಾಲಿ ಇದ್ದಲ್ಲಿ ಕೂತಂಗ. ಅದೇ ವಿಷಯ ಹಿಡಿದು ಅಮೆರಿಕಕ್ಕೂ ಲಂಡನ್ನಿಗೂ ಹೋಗಿ ಓದಬಹುದು ಅಂತ ನಿಮಗೆ ಯಾರೂ ಹೇಳಿರಲಿಕ್ಕಿಲ್ಲ. ಬರೇ ಹುರುಪು ತುಂಬಿ ಕಳಿಸೋದಕ್ಕೆ ನಾನು ಬಂದಿಲ್ಲ. ಬಾಗಿಲು ಎಲ್ಲಿ ಐತಿ, ಅದಕ್ಕೆ ಎಷ್ಟು ಬೀಗ ಅದಾವ, ಯಾವ ಕೀಲಿ ಯಾವಾಗ ಕೈಗೆ ತಗೋಬೇಕು, ಇಷ್ಟು ಹೇಳಿ ಮುಗಿಸ್ತೀನಿ.

ಅರ್ಥಶಾಸ್ತ್ರವೇ ಯಾಕೆ?

ನಮ್ಮ ಜಿಲ್ಲೆಯನ್ನೇ ನೋಡಿ. 1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ನೀರು ಹರಿಯತೊಡಗಿತು. ಮುನಿರಾಬಾದಿನಿಂದ ಹೊರಟ ಎಡದಂಡೆ ಕಾಲುವೆ ಗಂಗಾವತಿ ಸೀಮೆಯನ್ನು ಭತ್ತದ ಕಣಜ ಮಾಡಿತು. ಅದೇ ಜಿಲ್ಲೆಯ ಕುಷ್ಟಗಿ, ಯಲಬುರ್ಗಾದ ಹೊಲಗಳು ಮುಗಿಲು ನೋಡುತ್ತಾ ಕೂತವು. ಮಳೆ ಕೈಕೊಟ್ಟ ವರ್ಷ ಅಲ್ಲಿಯ ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿಗೆ, ಮಂಗಳೂರಿಗೆ, ಗೋವಾಕ್ಕೆ ಗುಳೆ ಹೋಗುತ್ತಾರೆ. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟಿನ 19ನೇ ಗೇಟು ಕೊಚ್ಚಿಕೊಂಡು ಹೋದಾಗ ಎಷ್ಟು ಟಿಎಂಸಿ ನೀರು ಹೋಯಿತು, ಎಷ್ಟು ಎಕರೆ ಭತ್ತಕ್ಕೆ ಕುತ್ತು ಅಂತ ದಿನಾ ಲೆಕ್ಕ ಬಂತು. ಬರಲಿ, ಬೇಕಾದ ಲೆಕ್ಕವೇ. ಆದರೆ ಆ ಗದ್ದೆಯಲ್ಲಿ ಬಗ್ಗಿ ನಾಟಿ ಹಚ್ಚೋ ಹೆಣ್ಣಾಳಿನ ಎಷ್ಟು ದಿನದ ಕೂಲಿಗೆ ಕುತ್ತು ಬಂತು? ಆ ಲೆಕ್ಕ ನೀವು ಎಲ್ಲಾದರೂ ಓದಿದಿರಾ?

2014ರ ಆಗಸ್ಟ್‌ನಲ್ಲಿ ಗಂಗಾವತಿ ತಾಲೂಕಿನ ಮರಕುಂಬಿಯಲ್ಲಿ ನಮ್ಮವರ ಗುಡಿಸಲಿಗೆ ಬೆಂಕಿ ಬಿತ್ತು. ಹೋಟೆಲಿನಲ್ಲಿ, ಕ್ಷೌರದ ಅಂಗಡಿಯಲ್ಲಿ ನಮ್ಮವರನ್ನು ಒಳಗೆ ಬಿಡದ ತಕರಾರು ಅದರ ಹಿಂದೆ ಇತ್ತು. ಹತ್ತು ವರ್ಷ ಆದ ಮೇಲೆ, 2024ರ ಅಕ್ಟೋಬರ್‌ನಲ್ಲಿ, ಕೊಪ್ಪಳದ ನ್ಯಾಯಾಲಯ 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಆಮೇಲೆ ಪ್ರಕರಣ ಮೇಲ್ಮನವಿಯಾಗಿ ಹೈಕೋರ್ಟಿಗೆ ಹೋಯಿತು. ಅದು ಕಾನೂನಿನ ಲೆಕ್ಕ. ಒಂದು ಊರು ನಮ್ಮ ಮೇಲೆ ಬಾಗಿಲು ಹಾಕಿದರೆ ಎಷ್ಟು ದಿನದ ಕೆಲಸ ಹೋಗುತ್ತದೆ, ಸಾಲ ಯಾರ ಹತ್ತಿರ ಎಷ್ಟು ಬಡ್ಡಿಗೆ ಎತ್ತಬೇಕಾಗುತ್ತದೆ, ಎಷ್ಟು ಮಕ್ಕಳು ಸಾಲಿ ಬಿಡುತ್ತಾರೆ, ಇದು ಅರ್ಥಶಾಸ್ತ್ರದ ಲೆಕ್ಕ. ಜಾತಿ ಅಂದರೆ ಬರೇ ಅವಮಾನ ಅಲ್ಲ. ಅದು ಕೂಲಿ, ಬಡ್ಡಿ, ಭೂಮಿ, ಬಾಡಿಗೆ ಎಲ್ಲದರೊಳಗೂ ಕೈ ಹಾಕಿ ಕೂತ ವ್ಯವಸ್ಥೆ.

ಇದನ್ನೆಲ್ಲ ಅಳೆಯೋಕಾಗುತ್ತದಾ ಅಂತ ಕೇಳಬಹುದು. ಆಗುತ್ತದೆ. ದಲಿತ ಕುಟುಂಬದಿಂದ ಬಂದ ಅರ್ಥಶಾಸ್ತ್ರಜ್ಞ ಸುಖದೇವ್ ಥೋರಟ್ ಮತ್ತು ಅಮೆರಿಕದ ಪಾಲ್ ಅಟ್ಟೆವೆಲ್ 2007ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಬಂದ ಖಾಸಗಿ ಕಂಪನಿಗಳ ನೌಕರಿ ಜಾಹೀರಾತಿಗೆ ಒಂದೇ ಥರದ ಓದು, ಒಂದೇ ಥರದ ಅರ್ಹತೆ ಇರುವ ಅರ್ಜಿಗಳನ್ನು ಕಳಿಸಿದರು. ಬದಲಿಸಿದ್ದು ಹೆಸರೊಂದೇ: ಒಂದು ಮೇಲ್ಜಾತಿಯ ಹೆಸರು, ಒಂದು ದಲಿತ ಹೆಸರು, ಒಂದು ಮುಸ್ಲಿಂ ಹೆಸರು. ಮೇಲ್ಜಾತಿ ಹೆಸರಿಗೆ ಸಂದರ್ಶನದ ಕರೆ ಬರುವ ಸಾಧ್ಯತೆಯನ್ನು ಒಂದು ಅಂತಿಟ್ಟರೆ ದಲಿತ ಹೆಸರಿಗೆ ಸುಮಾರು ಮೂರರಲ್ಲಿ ಎರಡು ಪಾಲು, ಮುಸ್ಲಿಂ ಹೆಸರಿಗೆ ಮೂರರಲ್ಲಿ ಒಂದು ಪಾಲು. ‘ಈಗೆಲ್ಲಿ ಐತ್ರಿ ಜಾತಿ, ಮೆರಿಟ್ ಇದ್ರ ಸಾಕು’ ಅನ್ನೋರ ಮುಂದೆ ನೂರು ಭಾಷಣ ಮಾಡಿದರೂ ಅಲ್ಲಾಡದ ಮಾತು, ಇಂಥಾ ಒಂದು ಲೆಕ್ಕದ ಮುಂದೆ ಅಲ್ಲಾಡುತ್ತದೆ. ಅದಕ್ಕೇ ನಾನು ಹೇಳೋದು, ಲೆಕ್ಕ ಬರೆಯೋ ಪೆನ್ನು ನಮ್ಮ ಕೈಯಾಗೂ ಇರಬೇಕು.

ಬಾಬಾಸಾಹೇಬರು ಹೋದ ದಾರಿ

ಅಂಬೇಡ್ಕರ್ ಫೋಟೋ ಎಲ್ಲಾ ಹಾಸ್ಟೆಲಿನಾಗೂ ಐತಿ. ಕೋಟು, ಕೈಯಾಗ ಪುಸ್ತಕ. ಅವರು ಮೊದಲು ಓದಿದ್ದು ಕಾನೂನು ಅಲ್ಲ, ಅರ್ಥಶಾಸ್ತ್ರ ಅನ್ನೋದನ್ನು ನಾವು ಮರೆತಿದ್ದೇವೆ. 1912ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಬಿ.ಎ., ವಿಷಯ ಅರ್ಥಶಾಸ್ತ್ರ ಮತ್ತು ರಾಜ್ಯಶಾಸ್ತ್ರ. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜುಲೈನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯ ಸೇರಿದರು. ರೊಕ್ಕ ಬರೋಡದ ಸಯಾಜಿರಾವ್ ಗಾಯಕವಾಡರದು: ತಿಂಗಳಿಗೆ ಹನ್ನೊಂದೂವರೆ ಪೌಂಡು, ಮೂರು ವರ್ಷಕ್ಕೆ. ಅದು ಪುಕ್ಕಟೆ ಅಲ್ಲ. ಓದು ಮುಗಿಸಿ ಬಂದು ಹತ್ತು ವರ್ಷ ಬರೋಡ ಸಂಸ್ಥಾನದ ಚಾಕರಿ ಮಾಡುತ್ತೇನೆ ಅಂತ ಕರಾರು ಬರೆದುಕೊಟ್ಟಿದ್ದರು.

ಕೊಲಂಬಿಯಾದಲ್ಲಿ ಅವರು ಅರ್ಥಶಾಸ್ತ್ರದಲ್ಲೇ 29 ಕೋರ್ಸು ತಗೊಂಡರು. ಜೊತೆಗೆ ಚರಿತ್ರೆ, ಸಮಾಜಶಾಸ್ತ್ರ, ತತ್ವಶಾಸ್ತ್ರ. 1915ರಲ್ಲಿ ಎಂ.ಎ. ಆಯಿತು. ಪ್ರಬಂಧದ ವಿಷಯ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸು. 1916ರ ಮೇ ತಿಂಗಳಲ್ಲಿ ಗೋಲ್ಡನ್‌ವೈಸರ್ ಅನ್ನೋ ಮಾನವಶಾಸ್ತ್ರದ ಪ್ರಾಧ್ಯಾಪಕರ ತರಗತಿಯಲ್ಲಿ ಭಾರತದ ಜಾತಿಗಳ ಮೇಲೆ ಪ್ರಬಂಧ ಓದಿದರು. ಅಲ್ಲಿಂದ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. ಅವರ ಕೊಲಂಬಿಯಾದ ಗುರು ಸೆಲಿಗ್‌ಮನ್, ಲಂಡನ್ನಿನ ಹರ್ಬರ್ಟ್ ಫಾಕ್ಸ್‌ವೆಲ್ ಅನ್ನೋ ಪ್ರಾಧ್ಯಾಪಕರಿಗೆ ಪರಿಚಯ ಪತ್ರ ಬರೆದುಕೊಟ್ಟರು. ಈ ಪತ್ರದ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬರುತ್ತದೆ.

1917ರಲ್ಲಿ ರೊಕ್ಕ ನಿಂತಿತು. ಓದು ಅರ್ಧಕ್ಕೆ ಬಿಟ್ಟು ಬರಬೇಕಾಯಿತು. ಬರೋಡದಲ್ಲಿ ನೌಕರಿ ಸಿಕ್ಕಿತು, ಇರೋದಕ್ಕೆ ಮನಿ ಸಿಗಲಿಲ್ಲ. ಕೊಲಂಬಿಯಾದಲ್ಲಿ ಓದಿ ಬಂದವರಿಗೆ ಕಚೇರಿಯ ಜವಾನರು ಕಡತವನ್ನು ಎಸೆದು ಕೊಟ್ಟರು. 1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಮ್ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾದರು. ಸಂಬಳದಲ್ಲಿ ಉಳಿಸಿದರು. ಕೊಲ್ಲಾಪುರದ ಶಾಹು ಮಹಾರಾಜರು ನೆರವಾದರು, ನವಲ್ ಭಥೇನಾ ಅನ್ನೋ ಪಾರ್ಸಿ ಗೆಳೆಯರು ಐದು ಸಾವಿರ ರೂಪಾಯಿ ಸಾಲ ಕೊಟ್ಟರು. 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1921ರಲ್ಲಿ ಎಂ.ಎಸ್‌ಸಿ. ರೂಪಾಯಿಯ ಸಮಸ್ಯೆ ಮೇಲೆ ಬರೆದ ಡಿ.ಎಸ್‌ಸಿ. ಪ್ರಬಂಧವನ್ನು ತಿದ್ದಿ ಎರಡನೇ ಸಲ ಸಲ್ಲಿಸಬೇಕಾಯಿತು. 1923ರಲ್ಲಿ ಪದವಿ ಬಂತು. ಕೊಲಂಬಿಯಾದ ಪಿಎಚ್.ಡಿ. ಅಧಿಕೃತವಾಗಿ ಕೈಗೆ ಬಂದದ್ದು 1927ರಲ್ಲಿ.

ಇದನ್ನು ಯಾಕೆ ಇಷ್ಟು ಬಿಡಿಸಿ ಹೇಳಿದೆ? ಒಂದೇ ಜಿಗಿತಕ್ಕೆ ಅವರು ದಾಟಿದರು ಅಂತ ನಾವು ತಿಳಿದಿದ್ದೇವೆ. ಹಂಗಲ್ಲ. 1913ರಿಂದ 1927. ನಡುವೆ ರೊಕ್ಕ ಮುಗಿಯಿತು, ಓದು ನಿಂತಿತು, ನೌಕರಿ ಮಾಡಿದರು, ಸಾಲ ಮಾಡಿದರು, ಪ್ರಬಂಧ ವಾಪಸ್ ಬಂತು, ಮತ್ತೆ ಬರೆದರು. ಒಂದು ವರ್ಷ ಸೀಟು ಸಿಗಲಿಲ್ಲ ಅಂತ ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗೋ ಹುಡುಗ ಈ ತಾರೀಖುಗಳನ್ನು ಗೋಡೆಗೆ ಬರೆದುಕೊಳ್ಳಲಿ.

ಮೊದಲ ಬೀಗ: ಗಣಿತ

ಪರದೇಶ ಅಂದ ಕೂಡಲೇ ನಮ್ಮವರು ಮೊದಲು ಹೆದರೋದು ರೊಕ್ಕಕ್ಕೆ, ಆಮೇಲೆ ಇಂಗ್ಲಿಷಿಗೆ. ಗಣಿತದ ಹೆಸರೇ ಎತ್ತೋದಿಲ್ಲ. ಈ ಹೆದರಿಕೆ ತಿರುಗುಮುರುಗಾಗಿದೆ. ಅರ್ಥಶಾಸ್ತ್ರದ ಮಟ್ಟಿಗೆ ಮೊದಲ ಬೀಗ ಗಣಿತ. ಆ ಬೀಗ ಬೀಳೋದು ಅಮೆರಿಕದಲ್ಲಲ್ಲ, ಇಲ್ಲೇ ನಮ್ಮ ತಾಲೂಕಿನ ಪಿಯು ಕಾಲೇಜಿನಲ್ಲಿ, ಹದಿನಾರನೇ ವಯಸ್ಸಿಗೆ.

ಹತ್ತನೇ ಇಯತ್ತೆ ಮುಗೀತು. ‘ನಿಂಗ ಸೈನ್ಸ್ ಆಗೂದಿಲ್ಲಪಾ, ಆರ್ಟ್ಸ್ ತಗೋ’ ಅಂತಾರ. ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ ಸಿಗುತ್ತವೆ. ಗಣಿತ ಅಲ್ಲಿಗೆ ಸತ್ತಿತು. ಬಿ.ಎ.ಯಲ್ಲಿ ಅರ್ಥಶಾಸ್ತ್ರ ಅಂದರೆ ವ್ಯಾಖ್ಯೆ ಬಾಯಿಪಾಠ, ಪಂಚವಾರ್ಷಿಕ ಯೋಜನೆಯ ಗುರಿಗಳು ಐದು ಅಂಕಕ್ಕೆ. ಆದರೆ ಇವತ್ತು ಅಮೆರಿಕ, ಯುರೋಪಿನ ಅರ್ಥಶಾಸ್ತ್ರ ವಿಭಾಗ ಮೊದಲು ಕೇಳೋದು: ಕ್ಯಾಲ್ಕುಲಸ್ ಮಾಡಿದೀಯಾ? ಲೀನಿಯರ್ ಆಲ್‌ಜೀಬ್ರಾ? ಸಂಭವನೀಯತೆ, ಸಂಖ್ಯಾಶಾಸ್ತ್ರ, ಇಕಾನೊಮೆಟ್ರಿಕ್ಸ್? ದೊಡ್ಡ ವಿಭಾಗಗಳು ರಿಯಲ್ ಅನಾಲಿಸಿಸ್ ಕೂಡ ನೋಡುತ್ತವೆ. ಅನೇಕ ಕಡೆ ಜಿಆರ್‌ಇ ಪರೀಕ್ಷೆ ಕೇಳುತ್ತಾರೆ, ಅದರಲ್ಲೂ ಅರ್ಥಶಾಸ್ತ್ರದವರು ಕಣ್ಣಿಡೋದು ಗಣಿತದ ಭಾಗದ ಮೇಲೆ. ನಮ್ಮ ಹುಡುಗನ ಬಿ.ಎ.ಯಲ್ಲಿ ಶೇಕಡಾ 80 ಇದ್ದರೂ ಗಣಿತ ಇಲ್ಲದಿದ್ದರೆ ಅರ್ಜಿ ಮೊದಲ ಜರಡಿಯಲ್ಲೇ ಕೆಳಗೆ ಬೀಳುತ್ತದೆ. ಅಲ್ಲಿ ಯಾರೂ ಜಾತಿ ಕೇಳಲಿಲ್ಲ. ಆದರೆ ಗಣಿತ ಯಾರಿಗೆ ತಪ್ಪಿತು, ಯಾಕೆ ತಪ್ಪಿತು ಅಂತ ಹಿಂದಕ್ಕೆ ಹುಡುಕಿಕೊಂಡು ಬಂದರೆ ಜಾತಿಯ ಕೇರಿಗೇ ಬಂದು ಮುಟ್ಟುತ್ತೀರಿ.

ಹಂಗಾದರೆ ಏನು ಮಾಡಬೇಕು? ಪಿಯು ಸೇರುವವರು ಅರ್ಥಶಾಸ್ತ್ರದ ಜೊತೆಗೆ ಗಣಿತ ಅಥವಾ ಸಂಖ್ಯಾಶಾಸ್ತ್ರ ಇರುವ ಜೋಡಣೆ ಹುಡುಕಿ. ವಾಣಿಜ್ಯ ವಿಭಾಗದಲ್ಲಿ ಇರುತ್ತದೆ, ವಿಜ್ಞಾನದಿಂದಲೂ ಅರ್ಥಶಾಸ್ತ್ರಕ್ಕೆ ಬರಬಹುದು. ಈಗಾಗಲೇ ಬಿ.ಎ. ಸೇರಿದವರು ಕೈಚೆಲ್ಲಬೇಡಿ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಎನ್‌ಐಒಎಸ್ ಅಂತಾರ, ಅದರಲ್ಲಿ ಹನ್ನೆರಡನೇ ತರಗತಿಯ ಗಣಿತ ಒಂದೇ ವಿಷಯವನ್ನು ಬಿಡಿಯಾಗಿ ಕಟ್ಟಿ ಪಾಸು ಮಾಡಬಹುದು. ಸ್ವಯಂ, ಎನ್‌ಪಿಟೆಲ್‌ಗಳಲ್ಲಿ ಐಐಟಿ ಮೇಷ್ಟ್ರುಗಳ ಪಾಠ ಪುಕ್ಕಟೆ ಸಿಗುತ್ತವೆ, ಪರೀಕ್ಷೆ ಬರೆದರೆ ಪ್ರಮಾಣಪತ್ರವೂ ಉಂಟು. ಮೊಬೈಲು ಎಲ್ಲರ ಕೈಯಾಗೂ ಐತಿ. ರಾತ್ರಿ ರೀಲ್ಸ್ ನೋಡೋ ಹೊತ್ತಿನಲ್ಲಿ ಅರ್ಧ ಇದಕ್ಕೆ ಕೊಡಿ.

ಇನ್ನೊಂದು ಮಾತು. ನಮ್ಮ ಮೂರು ವರ್ಷದ ಬಿ.ಎ.ಯಿಂದ ನೇರವಾಗಿ ಅಮೆರಿಕದ ಪಿಎಚ್.ಡಿ.ಗೆ ಹೋಗೋದು ಕಷ್ಟ. ನಡುವೆ ಒಂದು ಮೆಟ್ಟಿಲು ಬೇಕು, ಒಳ್ಳೆಯ ಎಂ.ಎ. ದೆಹಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಜೆಎನ್‌ಯು, ಮುಂಬಯಿಯ ಇಂದಿರಾಗಾಂಧಿ ಸಂಸ್ಥೆ, ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್, ಇವು ಪರದೇಶದವರಿಗೆ ಗೊತ್ತಿರುವ ಹೆಸರುಗಳು. ಮೀಸಲಾತಿ ಉಂಟು, ಪ್ರವೇಶ ಪರೀಕ್ಷೆ ಉಂಟು. ಬೆಂಗಳೂರಿನಲ್ಲೇ 2017ರಲ್ಲಿ ಬಾಬಾಸಾಹೇಬರ ಹೆಸರಿನಲ್ಲಿ ರಾಜ್ಯ ಸರಕಾರದ ಅರ್ಥಶಾಸ್ತ್ರ ಸಂಸ್ಥೆ ಶುರುವಾಗಿದೆ, ಈಗ ಅದು ವಿಶ್ವವಿದ್ಯಾಲಯ. ನಮ್ಮ ಭಾಗದವರಿಗೆ 371ಜೆ ಪ್ರಮಾಣಪತ್ರ ಇದ್ದರೆ ರಾಜ್ಯಮಟ್ಟದ ಸಂಸ್ಥೆಗಳಲ್ಲಿ ಶೇಕಡಾ 8ರ ಪಾಲಿದೆ. ತಹಸೀಲ್ದಾರ ಕಚೇರಿಗೆ ನಾಕು ಸಲ ಅಲೆದಾಡಿಸುತ್ತಾರೆ. ಅಲೆಯಿರಿ, ಬಿಡಬೇಡಿ.

ಎರಡನೇ ಬೀಗ: ಪತ್ರ

ಅರ್ಜಿಯ ಜೊತೆ ಸಾಮಾನ್ಯವಾಗಿ ಮೂರು ಮೇಷ್ಟ್ರುಗಳ ಶಿಫಾರಸು ಪತ್ರ ಬೇಕು. ಇದು ಶಾಸಕರ ಶಿಫಾರಸು ಅಲ್ಲ. ಪತ್ರವನ್ನು ಮೇಷ್ಟ್ರೇ ನೇರವಾಗಿ ವಿಶ್ವವಿದ್ಯಾಲಯಕ್ಕೆ ಕಳಿಸಬೇಕು, ವಿದ್ಯಾರ್ಥಿ ಕೈಗೆ ಕೊಡುವಂತಿಲ್ಲ. ನಮ್ಮಲ್ಲಿ ಏನಾಗುತ್ತದೆ? ‘ಈತ ವಿನಯವಂತ, ವಿಧೇಯ, ಶಿಸ್ತಿನ ಹುಡುಗ’ ಅಂತ ನಾಕು ಸಾಲು ಗೀಚಿ ಸಿಕ್ಕಾ ಹೊಡೆದು ಕೊಡುತ್ತಾರೆ. ವಿಧೇಯ ಅನ್ನೋದು ಅಲ್ಲಿ ಗುಣವೇ ಅಲ್ಲ. ಈ ಹುಡುಗಿ ನನ್ನ ತರಗತಿಯಲ್ಲಿ ಎಷ್ಟನೆಯವಳು, ಯಾವ ಪ್ರಶ್ನೆ ಕೇಳಿದಳು, ಯಾವ ಪ್ರಬಂಧ ಬರೆದಳು, ಅಂಕಿಅಂಶ ಕೊಟ್ಟರೆ ಏನು ಮಾಡಬಲ್ಲಳು, ಇದು ಬೇಕು ಅವರಿಗೆ. ಸೆಲಿಗ್‌ಮನ್ ಪತ್ರಕ್ಕೆ ಬೆಲೆ ಬಂದದ್ದು ಅವರು ಅಂಬೇಡ್ಕರರ ಕೆಲಸವನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ್ದರಿಂದ.

ಹಂಗಾದರೆ ಮೇಷ್ಟ್ರು ನಿಮ್ಮ ಕೆಲಸ ನೋಡುವಂತೆ ನೀವು ಮಾಡಬೇಕು. ಹಿಂದಿನ ಬೆಂಚು ನಮ್ಮ ಪಾಲಿಗೆ ಬರೆದಿಟ್ಟಿದ್ದಲ್ಲ. ಮುಂದೆ ಕೂತುಕೊಳ್ಳಿ, ಪ್ರಶ್ನೆ ಕೇಳಿ, ತರಗತಿ ಮುಗಿದ ಮೇಲೆ ಹೋಗಿ ಮಾತಾಡಿ. ನಿಮ್ಮ ಊರಿನ ಮೂವತ್ತು ಮನೆಯ ಕೂಲಿ, ಸಾಲ, ಗುಳೆ ಇವುಗಳ ಲೆಕ್ಕ ನೀವೇ ಬರೆದು ಹತ್ತು ಪುಟದ ಪ್ರಬಂಧ ಮಾಡಿ ಒಬ್ಬ ಮೇಷ್ಟ್ರ ಮುಂದೆ ಇಡಿ. ಎಂ.ಎ. ಆದ ಮೇಲೆ ಒಂದೆರಡು ವರ್ಷ ಸಂಶೋಧನಾ ಸಹಾಯಕರಾಗಿ ಕೆಲಸ ಮಾಡೋದೂ ಒಂದು ದಾರಿ. ಬೆಂಗಳೂರಿನಲ್ಲಿ 1972ರಲ್ಲಿ ವಿ.ಕೆ.ಆರ್.ವಿ. ರಾವ್ ಕಟ್ಟಿದ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಅಧ್ಯಯನ ಸಂಸ್ಥೆ ಐತಿ, ಅಂಥಾ ಬೇರೆ ಕಡೆಯೂ ಸಮೀಕ್ಷೆಗೆ ಜನ ತಗೋತಾರ. ಸಂಬಳ ಬರುತ್ತದೆ, ಕೆಲಸ ಕಲಿಯುತ್ತೀರಿ, ನಿಮ್ಮ ಕೆಲಸ ಕಂಡವರ ಪತ್ರವೂ ಸಿಗುತ್ತದೆ.

ಪತ್ರದ ಜೊತೆಗೆ ನೀವು ಬರೆಯಬೇಕಾದ್ದು ಉದ್ದೇಶದ ಹೇಳಿಕೆ, ಎರಡು ಪುಟ. ಇಲ್ಲಿ ನಮ್ಮ ಹುಡುಗರು ಎರಡು ಥರ ಬರೆಯುತ್ತಾರೆ. ಒಂದು, ನನ್ನ ಬಡತನ ನೋಡಿ ಕನಿಕರಿಸಿ ಅಂತ. ಇನ್ನೊಂದು, ಬಡತನ ಮುಚ್ಚಿಟ್ಟು ಇಂಟರ್‌ನೆಟ್ಟಿನಿಂದ ಇಳಿಸಿದ ದೊಡ್ಡ ಮಾತು. ಎರಡೂ ಬೇಡ. ಕನಿಕರ ಬೇಡೋದಕ್ಕೆ ನಾವು ಅರ್ಜಿ ಹಾಕುತ್ತಿಲ್ಲ. ನಿಮ್ಮ ಹತ್ತಿರ ಇರೋದು ಬೇರೆಯವರ ಹತ್ತಿರ ಇಲ್ಲದ ಪ್ರಶ್ನೆ. ಕಾಲುವೆ ನೀರು ಬಂದ ಊರಲ್ಲಿ ಭೂಮಿಯ ಬೆಲೆ ಏರಿತು, ಕೂಲಿ ಎಷ್ಟು ಏರಿತು? ಗುಳೆ ಹೋದ ಮನೆಯ ಮಗುವಿನ ಓದಿಗೆ ಏನಾಯಿತು? ಬ್ಯಾಂಕಿನ ಸಾಲ ಯಾರ ಬಾಗಿಲಿಗೆ ಬಂತು, ಯಾರ ಬಾಗಿಲಿಗೆ ಬಡ್ಡಿ ಸಾಹುಕಾರ ಬಂದ? ಈ ಪ್ರಶ್ನೆಯನ್ನು ನೇರವಾಗಿ ಬರೆಯಿರಿ. ಯಾವ ಅಂಕಿಅಂಶ ಇಟ್ಟುಕೊಂಡು, ಯಾವ ವಿಧಾನದಲ್ಲಿ ಉತ್ತರ ಹುಡುಕಬೇಕು ಅಂತ ಯೋಚಿಸಿದ್ದೀರಿ ಬರೆಯಿರಿ. ಆ ವಿಭಾಗದಲ್ಲಿ ಇಂಥಾ ಕೆಲಸ ಮಾಡೋರು ಯಾರಿದ್ದಾರೆ ಅಂತ ನೋಡಿ ಅವರ ಹೆಸರು ಬರೆಯಿರಿ. ಅಷ್ಟು ಸಾಕು.

ಮೂರನೇ ಬೀಗ: ರೊಕ್ಕ

ಈಗ ರೊಕ್ಕದ ಮಾತು. ಇಲ್ಲಿ ಒಂದು ಗುಟ್ಟು ಐತಿ, ಉಳ್ಳವರ ಮಕ್ಕಳಿಗೆ ಗೊತ್ತು, ನಮಗೆ ಗೊತ್ತಿಲ್ಲ. ಅಮೆರಿಕದ ಒಳ್ಳೆಯ ವಿಭಾಗಗಳಲ್ಲಿ ಪಿಎಚ್.ಡಿ. ಓದುವವರು ಸಾಮಾನ್ಯವಾಗಿ ಫೀಸು ಕಟ್ಟೋದಿಲ್ಲ. ವಿಶ್ವವಿದ್ಯಾಲಯವೇ ಫೀಸು ಮಾಫಿ ಮಾಡಿ ಐದಾರು ವರ್ಷ ತಿಂಗಳ ಭತ್ಯೆ ಕೊಡುತ್ತದೆ. ಬದಲಿಗೆ ತರಗತಿಯಲ್ಲಿ, ಸಂಶೋಧನೆಯಲ್ಲಿ ಸಹಾಯಕನ ಕೆಲಸ ಮಾಡಬೇಕು. ಅಂದರೆ ಪಿಎಚ್.ಡಿ.ಗೆ ಬೇಕಾದ್ದು ಹೊಲ ಮಾರೋ ರೊಕ್ಕ ಅಲ್ಲ, ಗಣಿತ. ಅದಕ್ಕೇ ರೊಕ್ಕದ ಬೀಗವನ್ನು ಮೂರನೆಯದಾಗಿ ಇಟ್ಟೆ. ದುಬಾರಿ ಆಗೋದು ಬರೇ ಎಂ.ಎಸ್‌ಸಿ.ಗೆ ಹೋಗುವವರಿಗೆ. ಇಂಗ್ಲೆಂಡಿನ ಒಂದು ವರ್ಷದ ಎಂ.ಎಸ್‌ಸಿ.ಗೆ ಹತ್ತಾರು ಲಕ್ಷ ಬೇಕು. ಜರ್ಮನಿಯ ಸರಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಬೋಧನಾ ಶುಲ್ಕ ಇಲ್ಲ. ಆದರೆ ವೀಸಾಕ್ಕೆ ಒಂದು ವರ್ಷದ ಖರ್ಚನ್ನು ಖಾತೆಯಲ್ಲಿ ಕಟ್ಟಿ ತೋರಿಸಬೇಕು, 2025ರ ಲೆಕ್ಕಕ್ಕೆ 11,904 ಯೂರೋ. ಪೇಟೆಯಲ್ಲಿ ಬೋರ್ಡು ಹಾಕಿಕೊಂಡ ಏಜೆಂಟರು ಕೆಲವು ಪರದೇಶದ ಕಾಲೇಜುಗಳಿಂದ ಕಮಿಷನ್ ತಗೋತಾರ. ಅವರು ಹೇಳಿದ ಕಾಲೇಜಿಗೆ ಅಂತ ಅಪ್ಪನ ಎರಡೆಕರೆ ಒತ್ತೆ ಇಡಬೇಡಿ.

ಸರಕಾರದ ವಿದ್ಯಾರ್ಥಿವೇತನಗಳು ಎರಡು ಗೊತ್ತಿರಲಿ. ಒಂದು, ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್, 1954–55ರಿಂದ ನಡೆದದ್ದು. ಸಾಮಾಜಿಕ ನ್ಯಾಯ ಮಂತ್ರಾಲಯದ ಈ ಯೋಜನೆಯಲ್ಲಿ ವರ್ಷಕ್ಕೆ 125 ಜಾಗ, ಅದರಲ್ಲಿ 115 ಪರಿಶಿಷ್ಟ ಜಾತಿಗೆ. ಉಳಿದವು ಅಲೆಮಾರಿ, ಭೂಹೀನ ಕೂಲಿಕಾರ, ಕುಶಲಕರ್ಮಿ ಕುಟುಂಬಗಳಿಗೆ. ಶೇಕಡಾ 30 ಹೆಣ್ಣುಮಕ್ಕಳಿಗೆ. ಪರಿಶಿಷ್ಟ ಪಂಗಡದವರಿಗೆ ಬುಡಕಟ್ಟು ಮಂತ್ರಾಲಯದ ಬೇರೆ ಯೋಜನೆ, 20 ಜಾಗ. ಮಂತ್ರಾಲಯದ ನಿಯಮದಂತೆ ವಯಸ್ಸು 35ರೊಳಗೆ, ಕುಟುಂಬದ ಆದಾಯ ವರ್ಷಕ್ಕೆ 8 ಲಕ್ಷದೊಳಗೆ, ಹಿಂದಿನ ಪರೀಕ್ಷೆಯಲ್ಲಿ ಶೇಕಡಾ 60, ಪ್ರವೇಶ ಸಿಕ್ಕ ವಿಶ್ವವಿದ್ಯಾಲಯ ಜಗತ್ತಿನ ಕ್ಯೂಎಸ್ ಪಟ್ಟಿಯ ಮೊದಲ 500ರೊಳಗೆ. ಫೀಸು, ವಿಮಾನ, ಜೊತೆಗೆ ಅಮೆರಿಕದಲ್ಲಿ ವರ್ಷಕ್ಕೆ 15,400 ಡಾಲರ್, ಇಂಗ್ಲೆಂಡಿನಲ್ಲಿ 9,900 ಪೌಂಡು. ಎರಡನೆಯದು, ನಮ್ಮ ರಾಜ್ಯ ಸಮಾಜ ಕಲ್ಯಾಣ ಇಲಾಖೆಯ ಪ್ರಬುದ್ಧ ಯೋಜನೆ. ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುತ್ತವೆ. ನೀವು ಅರ್ಜಿ ಹಾಕುವ ವರ್ಷದ ಆದೇಶ ತೆಗೆದು ಒಂದೊಂದು ಸಾಲು ಓದಿ.

ಓದಿದರೆ ಏನು ಕಾಣುತ್ತದೆ ಗೊತ್ತಾ? 2022ರಲ್ಲಿ ಕೇಂದ್ರದ ಆ ವೇತನಕ್ಕೆ ಹೊಸ ಕಟ್ಟಳೆ ಬಂತು: ಭಾರತದ ಸಂಸ್ಕೃತಿ, ಪರಂಪರೆ, ಚರಿತ್ರೆ, ಭಾರತದ ಸಾಮಾಜಿಕ ಅಧ್ಯಯನದ ವಿಷಯಗಳಿಗೆ ರೊಕ್ಕ ಇಲ್ಲ. ಈಸ್ಟ್ ಇಂಡಿಯಾ ಕಂಪನಿಯ ಹಣಕಾಸು, ಭಾರತದ ಜಾತಿಗಳು ಅಂತ ವಿಷಯ ಹಿಡಿದು 1913ರ ಆ ಹುಡುಗ ಈ ಕಟ್ಟಳೆಯ ಮುಂದೆ ಬಂದು ನಿಂತಿದ್ದರೆ? ಹೊರಗೆ ಕಳಿಸುತ್ತಿದ್ದರು. ನಮ್ಮ ಮಕ್ಕಳು ಪರದೇಶಕ್ಕೆ ಹೋಗಲಿ, ನಮ್ಮ ದೇಶದ ಬಗ್ಗೆ ಅಲ್ಲಿ ಕೂತು ಬರೆಯೋದು ಮಾತ್ರ ಬೇಡ ಅಂದಂತಾಯಿತು. ಇದನ್ನು ನಾವು ಬೀದಿಯಲ್ಲೂ ಕೇಳಬೇಕು, ಸದನದಲ್ಲೂ ಕೇಳಿಸಬೇಕು. ಅಲ್ಲಿಯವರೆಗೆ ಅರ್ಥಶಾಸ್ತ್ರದವರಿಗೆ ಒಂದು ಸಂದು ಉಂಟು. ಕೂಲಿ ಮಾರುಕಟ್ಟೆ, ಸಾಲ, ಸಾರ್ವಜನಿಕ ಹಣಕಾಸು, ವಲಸೆ ಇವು ಜಗತ್ತಿನ ಎಲ್ಲ ಕಡೆಯ ವಿಷಯ. ಅಮೆರಿಕದಲ್ಲಿ ಮೊದಲ ಎರಡು ವರ್ಷ ಬರೇ ತರಗತಿ, ಪ್ರಬಂಧದ ವಿಷಯ ನಿಕ್ಕಿ ಆಗೋದು ಆಮೇಲೆ. ಸುಳ್ಳು ಹೇಳಬೇಕಾಗಿಲ್ಲ, ಪ್ರಶ್ನೆಯನ್ನು ಅಗಲ ಮಾಡಿ ಇಟ್ಟರೆ ಸಾಕು.

ಒಂದೇ ವೇತನ ನಂಬಿ ಕೂರಬೇಡಿ. 2025ರ ಜುಲೈನಲ್ಲಿ ಕೇಂದ್ರದ ಪಟ್ಟಿಗೆ 106 ಜನ ಆಯ್ಕೆಯಾದರು, ಮೊದಲಿಗೆ ಪತ್ರ ಹೋದದ್ದು 40 ಮಂದಿಗೆ. ಉಳಿದವರದು ಹಣ ಒದಗಿದ ಮೇಲೆ ಅಂದರು. ಅತ್ತ ಕಾಲೇಜು ಶುರುವಾಗುವ ದಿನ ಹತ್ತಿರ ಬಂದಿತ್ತು. ಅದಕ್ಕೆ ಕಾಮನ್‌ವೆಲ್ತ್, ಚೀವ್ನಿಂಗ್, ಫೆಲಿಕ್ಸ್, ಜರ್ಮನಿಯ ಡಾಡ್ ಇಂಥವಕ್ಕೂ ಅರ್ಜಿ ಹಾಕಿ.

ಅರ್ಜಿಗೇ ಆಗೋ ಖರ್ಚು ಬೇರೆ. ಅಮೆರಿಕದ ಒಂದೊಂದು ವಿಶ್ವವಿದ್ಯಾಲಯ ಅರ್ಜಿಗೆ ನೂರು ಡಾಲರ್ ಆಜುಬಾಜು ಕೇಳುತ್ತದೆ. ಟೋಫೆಲ್ ಅಥವಾ ಐಇಎಲ್‌ಟಿಎಸ್‌ಗೆ ಹದಿನೈದು ಸಾವಿರದ ಮೇಲೆ, ಜಿಆರ್‌ಇಗೆ ಇಪ್ಪತ್ತು ಸಾವಿರದ ಮೇಲೆ. ನಿಜವಾಗಿ ನಮ್ಮವರನ್ನು ಹೊಸ್ತಿಲಲ್ಲೇ ನಿಲ್ಲಿಸೋದು ಈ ಖರ್ಚು. ಆದರೆ ಬಡ ವಿದ್ಯಾರ್ಥಿ ಕೇಳಿದರೆ ಅರ್ಜಿ ಶುಲ್ಕ ಮಾಫಿ ಮಾಡುವ ವಿಶ್ವವಿದ್ಯಾಲಯಗಳು ಎಷ್ಟೋ ಉಂಟು. ಕೇಳಬೇಕು. ಕೇಳೋದಕ್ಕೆ ನಾಚಿಕೆ ಬೇಡ, ಇದು ಭಿಕ್ಷೆ ಅಲ್ಲ. ಉಳಿದ ಖರ್ಚಿಗೆ ನೌಕರಿಯಲ್ಲಿರುವ ನಮ್ಮವರು ಮುಂದೆ ಬರಬೇಕು. ಜಯಂತಿಯ ಫ್ಲೆಕ್ಸು, ಡಿಜೆಗೆ ಸುರಿಯೋ ರೊಕ್ಕದಲ್ಲಿ ತಾಲೂಕಿಗೆ ಒಬ್ಬ ಹುಡುಗಿಯ ಪರೀಕ್ಷಾ ಶುಲ್ಕ ಕಟ್ಟಬಹುದು.

ಇಂಗ್ಲಿಷು, ಕಾಗದ, ಕಾಲ

1973ರ ನವೆಂಬರ್‌ನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳ ಐತಿ, ಇಂಗ್ಲಿಷ್ ಕಲಿಯಿರಿ ಅಂದಿದ್ದಕ್ಕೆ ರಾಜ್ಯದ ತುಂಬ ಗಲಾಟೆ ಎದ್ದಿತು, ಹಾಸ್ಟೆಲಿನ ನಮ್ಮ ಹುಡುಗರು ಏಟು ತಿಂದರು, ಅವರು ಮಂತ್ರಿ ಪದವಿ ಬಿಡಬೇಕಾಯಿತು. ಆ ಮಾತಿನ ಅರ್ಧವನ್ನು ಹಿಡಿದು ಗಲಾಟೆ ಮಾಡಿದವರ ಮಕ್ಕಳೇ ಇಂಗ್ಲಿಷ್ ಶಾಲೆಗೆ ಹೋದರು. ನಾವು ಕನ್ನಡ ಬಿಡೋದು ಬೇಡ, ನಮ್ಮ ಹೋರಾಟದ ಮಾತು ಕನ್ನಡವೇ. ಇಂಗ್ಲಿಷನ್ನು ಹತ್ಯಾರದಂತೆ ಕಲಿಯಿರಿ. ಟೋಫೆಲ್, ಐಇಎಲ್‌ಟಿಎಸ್ ಕೇಳೋದು ಷೇಕ್ಸ್‌ಪಿಯರನ್ನಲ್ಲ. ಕೇಳಿದ್ದು ಅರ್ಥ ಆಗಬೇಕು, ಓದಿದ್ದನ್ನು ಹೇಳಬೇಕು. ದಿನಾ ಒಂದು ಗಂಟೆ, ಒಂದು ವರ್ಷ. ಆಗದ ಕೆಲಸ ಅಲ್ಲ.

ಪಾಸ್‌ಪೋರ್ಟ್ ಈಗಲೇ ಮಾಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಪ್ರಮಾಣಪತ್ರ, ಮೂರರಲ್ಲೂ ಹೆಸರಿನ ಅಕ್ಷರ ಒಂದೇ ಇರಲಿ. ನಮ್ಮ ಜಿಲ್ಲೆಯಲ್ಲಿ ದೇವದಾಸಿ ತಾಯಂದಿರ ಮಕ್ಕಳು ಅದಾರ. ಅಪ್ಪನ ಹೆಸರಿನ ಖಾನೆ ಕಂಡ ಕೂಡಲೇ ಪೆನ್ನು ಕೆಳಗಿಟ್ಟ ಮಕ್ಕಳು ಅದಾರ. ಅವರು ಕೇಳಿಸಿಕೊಳ್ಳಲಿ: 2016ರ ಡಿಸೆಂಬರ್‌ನಿಂದ ಪಾಸ್‌ಪೋರ್ಟಿಗೆ ತಂದೆ-ತಾಯಿ ಇಬ್ಬರ ಹೆಸರೂ ಬೇಕಿಲ್ಲ, ಒಬ್ಬರದು ಸಾಕು. ಅವ್ವನ ಹೆಸರು ಬರೆದು ಮುಂದಕ್ಕೆ ಹೋಗಿ. ಕಚೇರಿಯಲ್ಲಿ ಯಾರಾದರೂ ತಕರಾರು ಮಾಡಿದರೆ ನಾವು ಬಂದು ನಿಲ್ಲುತ್ತೇವೆ.

ಕಾಲದ ಲೆಕ್ಕ ಹೀಗೆ. ಅಲ್ಲಿ ತರಗತಿ ಶುರುವಾಗೋದು ಆಗಸ್ಟ್-ಸೆಪ್ಟೆಂಬರ್. ಪಿಎಚ್.ಡಿ. ಅರ್ಜಿಯ ಕೊನೆ ದಿನ ಅದರ ಹಿಂದಿನ ಡಿಸೆಂಬರ್ ಆಜುಬಾಜು. ಅಂದರೆ ಅದೇ ಬೇಸಿಗೆಯಲ್ಲಿ ಪರೀಕ್ಷೆಗೆ ತಯಾರಿ, ಮಳೆಗಾಲದಲ್ಲಿ ಪರೀಕ್ಷೆ, ದಸರೆಯ ಹೊತ್ತಿಗೆ ಮೇಷ್ಟ್ರುಗಳಿಗೆ ಪತ್ರದ ನೆನಪು. ಫೆಬ್ರವರಿ-ಮಾರ್ಚಿನಲ್ಲಿ ಉತ್ತರ ಬರುತ್ತದೆ. ವೇತನ ಕೊಡ್ತೀವಿ ಅಂದ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳಿಗೆ ಹೂಂ ಅಥವಾ ಇಲ್ಲ ಹೇಳಲು ಏಪ್ರಿಲ್ 15ರವರೆಗೆ ಸಮಯ. ನೋಡಿ, ಅವತ್ತಿಗೆ ಬಾಬಾಸಾಹೇಬರ ಜಯಂತಿ ಮುಗಿದು ಒಂದು ದಿನ.

ಹೋಗಿ ಏನು ಮಾಡೋದು?

‘ಓದಿದವರು ಹೋಗಿಬಿಟ್ಟರೆ ಚಳವಳಿ ಯಾರು ಮಾಡೋದು?’ ಅಂತ ಹಿರಿಯರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಹೋದವರಲ್ಲಿ ಕೆಲವರು ವಾಪಸ್ ಬರೋದಿಲ್ಲ. ಫೋನಿನಾಗ ಜೈ ಭೀಮ್ ಅಂದು ಅಷ್ಟಕ್ಕೇ ಬಿಡೋರೂ ಇರ್ತಾರ. ಆದರೆ ಇಲ್ಲೇ ಉಳಿದು ನೌಕರಿ ಸಿಕ್ಕ ಮೇಲೆ ಕೇರಿಯ ಕಡೆ ಮುಖ ಹಾಕದವರು ಕಮ್ಮಿಯೇನು? ಮುಖ ತಿರುಗೋದು ದೂರದಿಂದಲ್ಲ. ಮಹಾರಾಷ್ಟ್ರದ ದಲಿತ ಕುಟುಂಬದ ನರೇಂದ್ರ ಜಾಧವ್ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಿಂದ 1986ರಲ್ಲಿ ಅರ್ಥಶಾಸ್ತ್ರದ ಪಿಎಚ್.ಡಿ. ಮಾಡಿ ಬಂದು ರಿಸರ್ವ್ ಬ್ಯಾಂಕಿನಲ್ಲಿ ಕೆಲಸ ಮಾಡಿದರು, ತಮ್ಮ ಅಪ್ಪನ ಬದುಕಿನ ಪುಸ್ತಕವನ್ನೂ ಬರೆದರು. ಹೋಗದೆ ಇಲ್ಲೇ ಇದ್ದು ಸಾಲಿ ಮಾಸ್ತರ ಆದವನು ಕಮ್ಮಿ ಅಂತ ನಾನು ಹೇಳುತ್ತಿಲ್ಲ. ಎಲ್ಲರೂ ಹೋಗಬೇಕಾಗಿಲ್ಲ. ಆದರೆ ಹೋಗಬಲ್ಲವರು ದಾರಿ ಗೊತ್ತಿಲ್ಲ ಅನ್ನೋ ಒಂದೇ ಕಾರಣಕ್ಕೆ ಉಳಿಯಬಾರದು. ಹೋದವರ ಮೇಲೆ ಒಂದು ಸಾಲ ಇರುತ್ತದೆ: ಹಿಂದೆ ಬರುವ ಇಬ್ಬರ ಅರ್ಜಿಯನ್ನು ತಿದ್ದಿಕೊಡಬೇಕು. ಬಡ್ಡಿ ಇಲ್ಲದ ಸಾಲ ಅದು, ಆದರೆ ತೀರಿಸಲೇಬೇಕು.

ಕಡೆಗೆ ಕೆಲಸದ ಮಾತು. ಭಾಷಣ ಕೇಳಿ ಚಪ್ಪಾಳೆ ಹೊಡೆದು ಹೋದರೆ ಏನೂ ಆಗೋದಿಲ್ಲ. ನಾಕೂ ತಾಲೂಕಿನ ಹಾಸ್ಟೆಲುಗಳಲ್ಲಿ ವಾರಕ್ಕೆ ಎರಡು ರಾತ್ರಿ ಗಣಿತದ ಬಳಗ ಕೂರಲಿ. ಬಿ.ಎಸ್‌ಸಿ. ಹುಡುಗರು ಬಿ.ಎ. ಹುಡುಗರಿಗೆ ಹೇಳಿಕೊಡಲಿ. ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ಇದು ಮೊದಲು ಶುರುವಾಗಲಿ, ಅಲ್ಲಿ ಓದುವವರು ಹೆಚ್ಚು. ಈ ಪತ್ರಿಕೆಯ ಮುಂದಿನ ಸಂಚಿಕೆ ಬರೋದರೊಳಗೆ ಎಷ್ಟು ಬಳಗ ಕೂತವು ಅಂತ ಬರೆದು ತಿಳಿಸಿ. ಎಷ್ಟು ಜನ ಬಂದರು, ಎಷ್ಟು ಜನ ನಡುವೆ ಬಿಟ್ಟರು, ಯಾಕೆ ಬಿಟ್ಟರು ಅಂತಲೂ ಬರೆಯಿರಿ. ನಮ್ಮ ಲೆಕ್ಕ ಅಲ್ಲಿಂದಲೇ ಶುರುವಾಗಲಿ.

ಜೈ ಭೀಮ್.